ಮನೆಯ ಬೆಲೆಯನ್ನು ಯಾವ ಕೋಲಿನಿಂದ ಅಳೆಯಬೇಕು?

(ಬೇಸಿಗೆ ಶಿಬಿರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹ ರೂಪ)



ಕೃಷಿ ವಿಜ್ಞಾನ ಓದಿದವನು ಮನೆ ಕಟ್ಟುವ ವಿಷಯದಲ್ಲಿ ಮಾತನಾಡಲು ನಿಂತಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಮಲೆನಾಡಿನಲ್ಲಿ ತೋಟದ ಲೆಕ್ಕವನ್ನೂ ಮನೆಯ ಲೆಕ್ಕವನ್ನೂ ಬೇರ್ಪಡಿಸಲು ಬರುವುದಿಲ್ಲ. ಮಣ್ಣು ಪರೀಕ್ಷೆಗೆಂದೋ, ಎಲೆಚುಕ್ಕಿ ರೋಗ ನೋಡಲೆಂದೋ ತೋಟಗಳಿಗೆ ಹೋದಾಗಲೆಲ್ಲ ಮಾತು ಅಡಿಕೆಯಲ್ಲಿ ಆರಂಭವಾಗಿ ಮನೆಸಾಲದಲ್ಲಿ ಮುಗಿಯುವುದನ್ನು ಕಂಡಿದ್ದೇನೆ. ಆದ್ದರಿಂದ ಶಿಬಿರದ ಸಂಘಟಕರು ವಿಷಯ ಆರಿಸಿಕೊಳ್ಳಲು ಹೇಳಿದಾಗ ನಾನು ಇದನ್ನೇ ಆರಿಸಿಕೊಂಡೆ: ಬೇರೆ ಬೇರೆ ದೇಶಗಳ ಜನ ಮನೆಯನ್ನು ಹೇಗೆ ಕಟ್ಟುತ್ತಾರೆ, ಅದಕ್ಕೆ ಏನು ತೆರುತ್ತಾರೆ, ನಾವು ಏನು ತೆರುತ್ತಿದ್ದೇವೆ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಜಗತ್ತಿನಲ್ಲಿ ಎಲ್ಲಿ ಮನೆ ಅಗ್ಗ ಎಂಬುದು. ಡಾಲರನ್ನು ರೂಪಾಯಿಗೆ ಪರಿವರ್ತಿಸಿ, ನಮ್ಮಲ್ಲಿ ಅಗ್ಗ, ಅಮೆರಿಕದಲ್ಲಿ ದುಬಾರಿ ಎಂದು ಉತ್ತರ ಕೊಟ್ಟುಬಿಡುವುದು ರೂಢಿ. ಆ ಉತ್ತರ ಎಷ್ಟು ಪೊಳ್ಳೆಂಬುದನ್ನು ಮೊದಲು ನೋಡೋಣ.

ಅಮೆರಿಕದಲ್ಲಿ ಹೊಸದಾಗಿ ಕಟ್ಟುವ ಒಂಟಿ ಮನೆಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮರದ ಚೌಕಟ್ಟಿನವು. ದಪ್ಪ ತೊಲೆಗಳಲ್ಲಿ ಕಚ್ಚು ತೆಗೆದು ಒಂದಕ್ಕೊಂದು ಕೂಡಿಸುವ ಹಳೆಯ ಕ್ರಮವನ್ನು ಅವರು 1830ರ ದಶಕದಿಂದಲೇ, ಶಿಕಾಗೋ ಸುತ್ತಮುತ್ತ, ಬಿಡುತ್ತ ಬಂದರು. ಕಾರಣ ಸರಳ. ಕಾಡು ವಿಪುಲವಾಗಿತ್ತು, ಗರಗಸದ ಕಾರ್ಖಾನೆಗಳು ಎದ್ದಿದ್ದವು, ಯಂತ್ರದಲ್ಲಿ ತಯಾರಾದ ಮೊಳೆ ಅಗ್ಗವಾಗಿತ್ತು. ಸಿಗದಿದ್ದದ್ದು ನುರಿತ ಬಡಗಿ ಮಾತ್ರ. ಹಾಗಾಗಿ ತೆಳುವಾದ ಪಟ್ಟಿಗಳನ್ನು ಸಾಲಾಗಿ ನಿಲ್ಲಿಸಿ ಮೊಳೆ ಹೊಡೆದು ಮುಗಿಸುವ ವಿಧಾನ ಹುಟ್ಟಿತು. ಇಂದಿಗೂ ಅಲ್ಲಿನ ಮನೆಯ ಅಸ್ಥಿಪಂಜರ ಅದೇ. ಎರಡಿಂಚು ನಾಲ್ಕಿಂಚು ಎಂದು ಕರೆಯುವ ಆ ಪಟ್ಟಿ ಅಳೆದರೆ ಒಂದೂವರೆ ಇಂಚು, ಮೂರೂವರೆ ಇಂಚು ಇರುತ್ತದೆ ಎಂಬುದು ಬೇರೆ ಮಾತು! ಆ ಮನೆ ಬಡಗಿಯ ಸಮಯವನ್ನು ಉಳಿಸಲೆಂದೇ ರೂಪುಗೊಂಡದ್ದು.

ಅಲ್ಲಿನ ಗೃಹನಿರ್ಮಾಪಕರ ರಾಷ್ಟ್ರೀಯ ಸಂಘದ 2024ರ ಸಮೀಕ್ಷೆಯ ಪ್ರಕಾರ, ನಿವೇಶನದ ಬೆಲೆ ಬಿಟ್ಟು ಕಟ್ಟುವ ಖರ್ಚೊಂದೇ ಚದರ ಅಡಿಗೆ ಸರಾಸರಿ 162 ಡಾಲರ್. ನಮ್ಮ ಹಣದಲ್ಲಿ ಹದಿಮೂರು ಸಾವಿರ ರೂಪಾಯಿಗೂ ಮಿಕ್ಕಿತು. ನಮ್ಮ ಕಡೆ ಸಾಧಾರಣ ಆರ್.ಸಿ.ಸಿ. ಮನೆಗೆ ಎರಡು ಸಾವಿರದ ಆಸುಪಾಸು ಎನ್ನುತ್ತಾರೆ. ನಾವೇ ಅಗ್ಗ ಎಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಅಳತೆಯ ಕೋಲನ್ನು ಬದಲಿಸಿ ನೋಡಿ. ಅಮೆರಿಕದ ಬಡಗಿಯ ಮಧ್ಯಮ ಕೂಲಿ ಅದೇ ಅವಧಿಯಲ್ಲಿ ಗಂಟೆಗೆ ಸುಮಾರು 28 ಡಾಲರ್. ಅಂದರೆ ಒಂದು ಚದರ ಅಡಿ ಮನೆಗೆ ಅವನು ದುಡಿಯಬೇಕಾದದ್ದು ಆರು ಗಂಟೆಗಿಂತ ಕಡಿಮೆ. ನಮ್ಮ ಮೇಸ್ತ್ರಿಗೆ ದಿನಕ್ಕೆ ಸಾವಿರ ರೂಪಾಯಿ ಎಂದಿಟ್ಟುಕೊಂಡರೂ, ಒಂದು ಚದರ ಅಡಿಗೆ ಅವನ ಎರಡು ದಿನದ, ಎಂದರೆ ಹದಿನಾರು ಗಂಟೆಯ ದುಡಿಮೆ ಬೇಕು. ಅವನ ಕೈಕೆಳಗಿನ ಹೆಣ್ಣಾಳಿಗೆ ಎಷ್ಟು ದಿನ ಬೇಕೆಂಬುದನ್ನು ನೀವೇ ಲೆಕ್ಕ ಹಾಕಿ. ಇದು ಒರಟು ಲೆಕ್ಕ. ಮನೆಗಳ ಗುಣಮಟ್ಟ ಬೇರೆ, ತೆರಿಗೆ ಬೇರೆ. ಆದರೂ ಅಂತರ ಇಷ್ಟು ದೊಡ್ಡದಿರುವಾಗ ಸಣ್ಣಪುಟ್ಟ ತಿದ್ದುಪಡಿಗಳಿಂದ ಅದು ಮುಚ್ಚಿಹೋಗದು. ದುಡಿಮೆಯ ಕೋಲಿನಿಂದ ಅಳೆದರೆ ದುಬಾರಿ ಮನೆ ನಮ್ಮದೇ.

ಹೀಗಾಗಲು ಕಾರಣವೇನು? ಕಬ್ಬಿಣ, ಸಿಮೆಂಟು, ಡೀಸೆಲ್, ತಂತಿ, ಬಣ್ಣ ಇವುಗಳಿಗೆ ನಾವು ತೆರುವುದು ದೂರದ ಮಾರುಕಟ್ಟೆ ನಿಗದಿ ಮಾಡಿದ ಬೆಲೆ. ನಮ್ಮ ಕೂಲಿ ಮಾತ್ರ ನಮ್ಮೂರಿನದು. ಆರ್.ಸಿ.ಸಿ. ಮನೆಯ ವೆಚ್ಚದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸಾಮಗ್ರಿಗೆ, ಒಂದು ಪಾಲು ಕೆಲಸಕ್ಕೆ ಎಂಬುದು ಗುತ್ತಿಗೆದಾರರ ರೂಢಿಯ ಲೆಕ್ಕ. ಕೈಕೆಲಸ ತಿಳಿದವರಿರುವ ನಾಡಿನಲ್ಲಿ ಸಾಮಗ್ರಿಯನ್ನೇ ಹೆಚ್ಚು ನುಂಗುವ ಮನೆಯನ್ನು ನಾವು ಆರಿಸಿಕೊಂಡಿದ್ದೇವೆ. ಅಮೆರಿಕದವರು ತಮ್ಮಲ್ಲಿ ಹೇರಳವಾಗಿರುವುದರಿಂದ ಕಟ್ಟಿದರು, ನಾವು ನಮ್ಮಲ್ಲಿ ಇಲ್ಲದಿರುವುದರಿಂದ ಕಟ್ಟುತ್ತಿದ್ದೇವೆ.

ಇನ್ನು ಜಪಾನಿಗೆ ಹೋಗೋಣ. ಅಲ್ಲಿ ಎರಡು ಬಗೆಯ ಮನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದು ಇಂದಿನ ಸಾಮಾನ್ಯ ಮರದ ಮನೆ. ತೆರಿಗೆಯ ಲೆಕ್ಕಕ್ಕಾಗಿ ಅಲ್ಲಿನ ಕಾನೂನು ಮರದ ವಾಸದ ಮನೆಗೆ ಕೊಟ್ಟಿರುವ ಆಯುಷ್ಯ 22 ವರ್ಷ. ಮಾರುಕಟ್ಟೆಯೂ ಅದನ್ನೇ ನಂಬಿಕೊಂಡಿದೆ. ಇಪ್ಪತ್ತು ಇಪ್ಪತ್ತೈದು ವರ್ಷ ದಾಟಿದ ಮನೆಗೆ ಬೆಲೆಯೇ ಇಲ್ಲ, ನೆಲಕ್ಕೆ ಮಾತ್ರ ಬೆಲೆ. ಸಾಲ ತೀರುವ ಹೊತ್ತಿಗೆ ಮನೆಯೂ ಲೆಕ್ಕದಿಂದ ತೀರಿಹೋಗಿರುತ್ತದೆ. 2023ರ ಅಲ್ಲಿನ ಸರ್ಕಾರಿ ಗಣತಿಯಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ ಇದ್ದವು, ನೂರಕ್ಕೆ ಹದಿನಾಲ್ಕರಷ್ಟು. ಹಳ್ಳಿಗಾಡಿನಲ್ಲಿ ಮುದುಕರು ಕಾಲವಾದ ಮೇಲೆ ಬೀಗ ಹಾಕಿದ ಮನೆಗಳು ಅವುಗಳಲ್ಲಿ ಬಹಳ. ಇದನ್ನು ಹೇಳುವಾಗ ನಮ್ಮ ಕೇರಿಗಳ ನೆನಪು ನಿಮಗೂ ಬರುತ್ತಿರಬಹುದು. ಬೆಂಗಳೂರಿನಲ್ಲಿರುವ ಮಕ್ಕಳು ದೀಪಾವಳಿಗೆ ಬಂದಾಗ ಮಲಗಲೆಂದು ನಾಲ್ಕು ಕೋಣೆ ಕಟ್ಟಿಸಿ, ವರ್ಷದ ಮುನ್ನೂರೈವತ್ತು ದಿನ ಇಬ್ಬರು ಹಿರಿಯರು ಅವುಗಳ ಕಸ ಗುಡಿಸುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

ಇನ್ನೊಂದು, ಅದೇ ದೇಶದ ಬೆಟ್ಟಗಳ ನಡುವಿನ ಶಿರಾಕಾವಾ ಎಂಬ ಹಳ್ಳಿಯ ಹುಲ್ಲಿನ ಮನೆ. ಹಿಮ ಜಾರಿಹೋಗಲೆಂದು ಮಾಡಿನ ಇಳಿಜಾರು ಅರುವತ್ತು ಡಿಗ್ರಿಯ ಹತ್ತಿರವಿರುತ್ತದೆ. ಮಾಡಿನ ಚೌಕಟ್ಟಿಗೆ ಮೊಳೆಯಿಲ್ಲ, ಹಗ್ಗ ಮತ್ತು ಬಳ್ಳಿಯಂತೆ ಬಾಗುವ ಎಳೆಮರಗಳ ಕಟ್ಟು. ಅಟ್ಟದಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಒಲೆಯ ಹೊಗೆ ಮೇಲಕ್ಕೇರಿ ಹುಲ್ಲನ್ನೂ ಕಟ್ಟನ್ನೂ ಹುಳ ಹಿಡಿಯದಂತೆ ಕಾಯುತ್ತಿತ್ತು. ನಮ್ಮ ಅಟ್ಟದ ಮೇಲಿನ ಅಡಿಕೆ, ಕಾಳುಮೆಣಸುಗಳಿಗೆ ಅಡುಗೆಮನೆಯ ಹೊಗೆ ಮಾಡುತ್ತಿದ್ದ ಉಪಕಾರವೇ ಇದು. ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಹೊದಿಕೆ ಬದಲಿಸಬೇಕು. ಅದನ್ನು ಗುತ್ತಿಗೆಗೆ ಕೊಟ್ಟರೆ ಯಾವ ರೈತನಿಗೂ ತಾಳಲಾರದ ಖರ್ಚು. ಆದರೆ ಊರಿನವರು ನೂರಕ್ಕೂ ಹೆಚ್ಚು ಮಂದಿ ಸೇರಿ ಮಾಡಿನ ಒಂದು ಮಗ್ಗುಲನ್ನು ಒಂದೆರಡು ದಿನಗಳಲ್ಲಿ ಮುಗಿಸುತ್ತಿದ್ದರು. ಇಂದು ನನ್ನ ಮಾಡು, ಮುಂದಿನ ವರ್ಷ ನಿನ್ನದು. ಇದಕ್ಕೆ ಅವರು ‘ಯುಯಿ’ ಎನ್ನುತ್ತಾರೆ. ನಾವು ಮುಯ್ಯಾಳು ಎನ್ನುತ್ತಿದ್ದೆವು. ಸೋಗೆ ಮನೆಗಳ ಕಾಲದಲ್ಲಿ ಮಳೆಗಾಲಕ್ಕೆ ಮುನ್ನ ಹೊದಿಕೆ ಹೊದೆಸುತ್ತಿದ್ದುದು ಹಾಗೆಯೇ ಅಲ್ಲವೇ? 1995ರಲ್ಲಿ ಶಿರಾಕಾವಾ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪ್ರವಾಸಿಗರು ಮನೆಗಳ ಚೆಲುವನ್ನು ನೋಡಲು ಹೋಗುತ್ತಾರೆ. ನನಗೆ ಕುತೂಹಲ ಅದರ ಲೆಕ್ಕದ ಪುಸ್ತಕದ ಮೇಲೆ. ಅದರಲ್ಲಿ ಹಣದ ಕಲಮಿಗಿಂತ ಆಳಿನ ಕಲಮು ದೊಡ್ಡದು.

ಹಳೆಯದೆಲ್ಲ ಒಳ್ಳೆಯದು ಎಂದು ಹೇಳಲು ನಾನು ಬಂದಿಲ್ಲ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಮಿ ನಡುಗಿದಾಗ ಸುಮಾರು ಒಂಬತ್ತು ಸಾವಿರ ಜನ ಸತ್ತರು, ಸುಮಾರು ಐದು ಲಕ್ಷ ಮನೆಗಳು ನೆಲಸಮವಾದವು. ಬೆಟ್ಟದ ಹಳ್ಳಿಗಳಲ್ಲಿ ಬಿದ್ದವು ಬಹುಪಾಲು ಕಲ್ಲು ಮತ್ತು ಕೆಸರಿನ ಗೋಡೆಯ ಮನೆಗಳು. ಗೋಡೆಯ ಎರಡು ಮೈಗಳನ್ನು ಬಂಧಿಸುವ ಉದ್ದ ಕಲ್ಲಾಗಲಿ, ಸುತ್ತಲೂ ಬಿಗಿಯುವ ಮರದ ಪಟ್ಟಿಯಾಗಲಿ ಅವುಗಳಲ್ಲಿ ಇರಲಿಲ್ಲ. ಕೆಸರಿಗೆ ಭಾರ ಹೊರುವ ಶಕ್ತಿಯಿದೆ, ಎಳೆತ ತಡೆಯುವ ಶಕ್ತಿಯಿಲ್ಲ.

ಆ ಬಳಿಕ ನೇಪಾಳ ಸರ್ಕಾರ ಕುಟುಂಬವೊಂದಕ್ಕೆ 3 ಲಕ್ಷ ನೇಪಾಳಿ ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಕೊಟ್ಟಿತು. ನಮ್ಮ ಹಣದಲ್ಲಿ ಅದು 1,87,500. ರಸ್ತೆಯ ಬದಿಯ ಊರಿಗೆ ಆ ಹಣ ಒಂದು ಆಧಾರ. ರಸ್ತೆ ಮುಗಿದ ಮೇಲೆ ಹೇಸರಗತ್ತೆಯ ಬೆನ್ನಿನ ಮೇಲೋ ಮನುಷ್ಯರ ಬೆನ್ನಿನ ಮೇಲೋ ಸಿಮೆಂಟು ಚೀಲ ಹೋಗಬೇಕಾದ ಊರಿಗೆ ಅದೇ ಹಣ ಏನೇನೂ ಸಾಲದು. ಅನೇಕರು ಬಡ್ಡಿಗೆ ಸಾಲ ಮಾಡಿದರು. ಕಂತು ತಪ್ಪದಿರಲೆಂದು ಒಂದೇ ಕೋಣೆಯ ಸಿಮೆಂಟಿನ ಮನೆ ಕಟ್ಟಿ, ಅದರಲ್ಲಿ ದನ, ಕಾಳು, ಒಲೆ ಯಾವುದಕ್ಕೂ ಸ್ಥಳ ಸಾಲದೆ ಪಕ್ಕದಲ್ಲೇ ಹಳೆಯ ಬಿರುಕುಗೋಡೆಯ ಆಸರೆಯಲ್ಲಿ ಉಳಿದವರೂ ಇದ್ದಾರೆ. ಬೆಟ್ಟದಲ್ಲಿ ಮನೆಯ ಬೆಲೆಯೆಂದರೆ ಅರ್ಧ ಸಾಗಣೆಯ ಬೆಲೆ ಎಂಬ ಮಾತು ಅಲ್ಲಿ ಅಕ್ಷರಶಃ ನಿಜ.

ಇದಕ್ಕೆ ಹತ್ತು ವರ್ಷ ಮೊದಲು, 2005ರ ಅಕ್ಟೋಬರ್ 8ರಂದು, ಪಾಕಿಸ್ತಾನದ ಉತ್ತರದ ಬೆಟ್ಟಗಳೂ ಕಾಶ್ಮೀರವೂ ಇಂತಹದೇ ಆಘಾತಕ್ಕೆ ಸಿಕ್ಕಿದ್ದವು. ಅಲ್ಲಿ ಪೂರ್ತಿ ನಾಶವಾದ ಮನೆಗೆ ಕೊಟ್ಟ ನೆರವು 1,75,000 ಪಾಕಿಸ್ತಾನಿ ರೂಪಾಯಿ. ಮೊದಲು ಅಧಿಕಾರಿಗಳು ಒಪ್ಪಿದ್ದು ಸಿಮೆಂಟು, ಕಬ್ಬಿಣದ ಮಾದರಿಗಳನ್ನು ಮಾತ್ರ. ಎತ್ತರದ ಹಳ್ಳಿಗಳ ಜನ ಅದಕ್ಕೆ ಕಾಯಲಿಲ್ಲ. ಬಿದ್ದ ಮನೆಗಳ ಮರ, ಕಲ್ಲು, ಮಣ್ಣುಗಳನ್ನೇ ಬಳಸಿ ತಮ್ಮ ಹಿರಿಯರ ‘ಧಜ್ಜಿ’ ಪದ್ಧತಿಯಲ್ಲಿ ಕಟ್ಟತೊಡಗಿದರು. ಮರದ ಸಣ್ಣ ಸಣ್ಣ ಚೌಕ, ತ್ರಿಕೋನಗಳ ಚೌಕಟ್ಟು ನಿಲ್ಲಿಸಿ ನಡುವಿನ ಖಾಲಿಗೆ ಕಲ್ಲು, ಮಣ್ಣು ತುಂಬುವುದು ಆ ಕ್ರಮ. ಧಜ್ಜಿ ಎಂದರೆ ತುಂಡುಬಟ್ಟೆಗಳ ಜೋಡಣೆ, ನಮ್ಮ ಕೌದಿ. ನೆಲ ನಡುಗಿದಾಗ ಅಂತಹ ಗೋಡೆ ಬಿರಿಯುತ್ತದೆ, ಕಿರುಗುಟ್ಟುತ್ತದೆ, ಕುಸಿದು ಬೀಳುವುದಿಲ್ಲ. ತಜ್ಞರು ಹೋಗಿ ಪರಿಶೀಲಿಸಿದರು. 2006ರಲ್ಲಿ ಸರ್ಕಾರ ಆ ಪದ್ಧತಿಗೆ ಮನ್ನಣೆ ನೀಡಿ ನೆರವಿನ ಹಣ ಬಿಡುಗಡೆ ಮಾಡಿತು. ಹತ್ತಾರು ಸಾವಿರ ಮನೆಗಳು ಹೀಗೆ ಎದ್ದವು. ಜನ ಮುಂದೆ ಹೋಗಿ ಸರ್ಕಾರ ಹಿಂದೆ ಬಂದ ಅಪರೂಪದ ಉದಾಹರಣೆ ಇದು. ನಮ್ಮ ಚಳವಳಿಯ ಗೆಳೆಯರು ಗಮನಿಸಬೇಕು.

ಇದಕ್ಕೆ ಪ್ರತಿಯಾಗಿ ಈಜಿಪ್ಟಿನ ಹಸನ್ ಫತ್ಹಿ ಎಂಬ ದೊಡ್ಡ ವಾಸ್ತುಶಿಲ್ಪಿಯ ಕಥೆಯಿದೆ. ನ್ಯೂಬಿಯಾ ಪ್ರದೇಶದ ಗಾರೆಯವರು ಮರದ ಆಧಾರವೇ ಇಲ್ಲದೆ ಹಸಿ ಇಟ್ಟಿಗೆಯಲ್ಲಿ ಕಮಾನು ಮಾಡುಗಳನ್ನು ಕಟ್ಟಬಲ್ಲರೆಂದು ಆತ ಕಂಡುಕೊಂಡ. 1940ರ ದಶಕದಲ್ಲಿ ಲಕ್ಸರ್ ಬಳಿ ಗೂರ್ನಾ ಜನರಿಗಾಗಿ ಅದೇ ವಿಧಾನದಲ್ಲಿ ಹೊಸ ಹಳ್ಳಿಯೊಂದನ್ನು ಕಟ್ಟಹೊರಟ. ಮರವಿಲ್ಲದ ನಾಡಿಗೆ ಅದಕ್ಕಿಂತ ಒಪ್ಪುವ ಮನೆ ಬೇರೆಯಿಲ್ಲ, ಖರ್ಚೂ ಕಡಿಮೆ. ಆದರೂ ಬಹುಪಾಲು ಜನ ಬರಲೊಪ್ಪಲಿಲ್ಲ, ಹಳ್ಳಿ ಅರ್ಧಕ್ಕೇ ನಿಂತಿತು. ಪುರಾತನ ಗೋರಿಗಳ ಮೇಲಿನ ತಮ್ಮ ನೆಲೆಯನ್ನು, ಅದರೊಂದಿಗಿನ ಜೀವನೋಪಾಯವನ್ನು ಬಿಟ್ಟುಬರುವ ನಿರ್ಧಾರ ಆ ಜನರದಾಗಿರಲಿಲ್ಲ, ಸರ್ಕಾರದ್ದಾಗಿತ್ತು. ಮಣ್ಣಿನ ಮನೆಯನ್ನು ಮೇಲಿನಿಂದ ಹೇರಿದರೆ ಅದೂ ಕಾಂಕ್ರೀಟಿನಷ್ಟೇ ಪರಕೀಯ. ಪರಿಸರವಾದಿಗಳಾದ ನಾವು ಊರೂರಿಗೆ ಹೋಗಿ ಉಪದೇಶ ಮಾಡುವಾಗ ಇದನ್ನು ಮರೆಯುತ್ತೇವೆ.

ಈಗ ನಮ್ಮ ಮನೆಗೆ ಬರೋಣ. ಮಲೆನಾಡಿನಲ್ಲಿ ಜನ ಹೆಂಚಿನ ಮನೆ ಕೆಡವಿ ತಾರಸಿ ಹಾಕಿಸುವುದು ಬರಿಯ ಒಣ ಪ್ರತಿಷ್ಠೆಯಿಂದ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಂಗಗಳು ವರ್ಷಕ್ಕೆ ನೂರಾರು ಹೆಂಚು ಒಡೆಯುತ್ತವೆ. ಮಾಡು ಹತ್ತಿ ಹೆಂಚು ಕೈಯಾಡಿಸುವ ಆಳು ಸಿಗುವುದಿಲ್ಲ. ಪಕಾಸು, ರೀಪುಗಳಿಗೆ ಗೆದ್ದಲು. ಸ್ವಂತ ತೋಟದ ಹಲಸು ಕಡಿಯಬೇಕಾದರೂ ಕಾಗದಪತ್ರದ ಓಡಾಟ. ಬ್ಯಾಂಕಿನವರು ತಾರಸಿ ಮನೆಗೆ ಬೇಗ ಸಾಲ ಕೊಡುತ್ತಾರೆ. ಇವೆಲ್ಲ ನಿಜವಾದ ಕಾರಣಗಳು. ಅಷ್ಟಕ್ಕೂ ಹೆಂಚೇನು ಸನಾತನವೇ? ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೂ ಮೊದಲು ನಮ್ಮ ಸಾಮಾನ್ಯ ರೈತರ ಮನೆಯ ಮೇಲಿದ್ದದ್ದು ಸೋಗೆ, ಹುಲ್ಲು.

ಆದರೆ ತಾರಸಿ ಹಾಕಿದ ಮೇಲೆ ಏನಾಗುತ್ತಿದೆ ನೋಡಿ. ಆಗುಂಬೆಯಂತಹ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಚಪ್ಪಟೆ ತಾರಸಿಯನ್ನು ಕಲ್ಪಿಸಿಕೊಂಡವರು ಈ ಮಳೆಯನ್ನು ಕಂಡವರಲ್ಲ. ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ಸೋರಿಕೆ, ಗೋಡೆಯ ಮೇಲೆ ಹಾವಸೆ, ಒಳಗಿನ ಕಬ್ಬಿಣಕ್ಕೆ ತುಕ್ಕು. ಆಗ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟಿನ ಮಾಡು ಹಾಕಿಸುತ್ತೇವೆ. ಅಡಿಕೆ ಒಣಗಿಸಲು ಅನುಕೂಲವಾಯಿತು ಎಂದು ಸಮಾಧಾನವನ್ನೂ ಹೇಳಿಕೊಳ್ಳುತ್ತೇವೆ. ಒಂದು ಮನೆಗೆ ಎರಡು ಮಾಡಿನ ಖರ್ಚು! ಮಂಗನ ಕಾಟಕ್ಕೆ ಶೀಟು ಬೇಕೇ ಬೇಕೆಂದಾದರೆ ಹಾಕಿಸಿ, ನನ್ನ ಆಕ್ಷೇಪವಿಲ್ಲ. ಅದರಡಿಯಲ್ಲಿ ಕಾಂಕ್ರೀಟಿನ ತಾರಸಿ ಏಕೆ? ಮರದ ಮುಚ್ಚಿಗೆ ಸಾಕು. ತಾರಸಿಯೇ ಬೇಕೆನ್ನುವವರಿಗೂ ದಾರಿಯಿದೆ. ತಾರಸಿಯ ಕೆಳ ಅರ್ಧದಲ್ಲಿರುವ ಕಾಂಕ್ರೀಟು ಹೆಚ್ಚಿನ ಕೆಲಸವನ್ನೇನೂ ಮಾಡುವುದಿಲ್ಲ, ಅಲ್ಲಿ ದುಡಿಯುವುದು ಸರಳು. ಆ ಜಾಗದಲ್ಲಿ ಹಳೆಯ ಹೆಂಚುಗಳನ್ನು ಇಟ್ಟು ಕಾಂಕ್ರೀಟನ್ನು ಉಳಿಸುವ ಕ್ರಮವನ್ನು ಕೇರಳದಲ್ಲಿ ಲಾರಿ ಬೇಕರ್ ಸಾವಿರಾರು ಜನರಿಗೆ ತೋರಿಸಿಕೊಟ್ಟರು. 2007ರಲ್ಲಿ ನಿಧನರಾದ ಈ ಹಿರಿಯರು ತಿರುವನಂತಪುರಕ್ಕೆ ಬರುವ ಮೊದಲು ಹಿಮಾಲಯದ ಪಿಥೋರಾಗಢದಲ್ಲಿ ಸುಮಾರು ಹದಿನೈದು ವರ್ಷವಿದ್ದು, ಬೆಟ್ಟದ ಜನ ಕಟ್ಟುವ ಮನೆಗಳಿಂದ ಪಾಠ ಕಲಿತವರು. ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಡುವ ಅವರ ಗೋಡೆಯಲ್ಲಿ ನಾಲ್ಕರಲ್ಲೊಂದು ಪಾಲು ಇಟ್ಟಿಗೆ ಉಳಿಯುತ್ತದೆ.

ಬಡ್ಡಿಯ ಮಾತನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ನಮ್ಮ ಮನೆಗಳಲ್ಲಿ ಅತಿ ದುಬಾರಿಯಾದ ಸಾಮಗ್ರಿ ಅದೇ. ಸಾವಿರ ಚದರ ಅಡಿಯ ಮನೆಗೆ ಇಪ್ಪತ್ತು ಲಕ್ಷ ಎನ್ನಿ. ಎಂಟು ಲಕ್ಷ ಕೈಯಲ್ಲಿದೆ, ಹನ್ನೆರಡು ಲಕ್ಷ ಸಾಲ. ನೂರಕ್ಕೆ ಒಂಬತ್ತರ ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 10,800 ರೂಪಾಯಿ. 240 ಕಂತು ಕೂಡಿದರೆ 25 ಲಕ್ಷ 90 ಸಾವಿರ. ಪಡೆದದ್ದು ಹನ್ನೆರಡು, ಬಡ್ಡಿಯೇ ಸುಮಾರು ಹದಿನಾಲ್ಕು. ಈ ಇಪ್ಪತ್ತು ವರ್ಷದ ಕಂತನ್ನು ಹೊರಬೇಕಾದ ಬೆನ್ನು ಯಾವುದು? ಕೊಳೆ ರೋಗ, ಎಲೆಚುಕ್ಕಿ ರೋಗಗಳಿಗೆ ಸಿಕ್ಕಿ, ಮುಂದಿನ ವರ್ಷದ ಫಸಲನ್ನೇ ಹೇಳಲಾಗದ ಅಡಿಕೆ ತೋಟ. ತೋಟಕ್ಕೆ ಬರಬೇಕಾದ ಗೊಬ್ಬರ, ಮಣ್ಣು, ಬಸಿಗಾಲುವೆಯ ದುರಸ್ತಿ ಎಲ್ಲವೂ ಮೊದಲು ನಿಲ್ಲುವುದು ಇಂತಹ ಮನೆಗಳಲ್ಲಿಯೇ. ಸೊರಗಿದ ಮರಕ್ಕೆ ರೋಗ ಬೇಗ. ಮನೆಯ ಗೋಡೆಗೂ ತೋಟದ ರೋಗಕ್ಕೂ ಸಂಬಂಧವೇನು ಎಂದು ಕೇಳಿದವರಿಗೆ ನನ್ನ ಉತ್ತರ ಇದು.

ಬಡವರ ಪಾಲಿಗೆ ಈ ಲೆಕ್ಕ ಇನ್ನೂ ಕಠಿಣ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ, ಹಿಮಾಲಯ ಮತ್ತು ಈಶಾನ್ಯದ ಬೆಟ್ಟದ ರಾಜ್ಯಗಳಿಗೆ 1.30 ಲಕ್ಷ ಎಂದು ನಿಗದಿಯಾಯಿತು. ಮನೆ ಕನಿಷ್ಠ 25 ಚದರ ಮೀಟರ್, ಎಂದರೆ ಸುಮಾರು 270 ಚದರ ಅಡಿ ಇರಬೇಕು. ಭಾಗಿಸಿ ನೋಡಿದರೆ ಚದರ ಅಡಿಗೆ 450 ರೂಪಾಯಿಯೂ ಇಲ್ಲ. ಆ ಹಣದಲ್ಲಿ ತಾರಸಿ ಮನೆ ಕಟ್ಟಹೊರಟವರ ಅರೆಗೋಡೆಗಳು, ಅವುಗಳಿಂದ ಮೇಲೆದ್ದ ತುಕ್ಕು ಸರಳುಗಳು ನಮ್ಮ ಊರುಗಳಲ್ಲಿ ಕಾಣುವುದು ಅದಕ್ಕೇ.

ಹಾಗಾದರೆ ನಮ್ಮಲ್ಲಿ ಹೇರಳವಾಗಿರುವುದು ಏನು? ಕಾಲ ಕೆಳಗೇ ಇದೆ. 1800-01ರಲ್ಲಿ ಈ ಭಾಗಗಳಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಒಂದು ವಿಚಿತ್ರ ಕಲ್ಲನ್ನು ಕಂಡ. ಅಗೆಯುವಾಗ ಕತ್ತಿಗೂ ಬಗ್ಗುವಷ್ಟು ಮೃದು, ಗಾಳಿಗೆ ಒಡ್ಡಿದ ಮೇಲೆ ಇಟ್ಟಿಗೆಯಷ್ಟು ಗಟ್ಟಿ. ಅದಕ್ಕೆ ಆತ ಲ್ಯಾಟರೈಟ್ ಎಂದು ಹೆಸರಿಟ್ಟ. ಜಂಬಿಟ್ಟಿಗೆ, ಚಿರೆಕಲ್ಲು ಎಂದು ನಮ್ಮ ಜನ ಕರೆಯುತ್ತಿದ್ದುದು ಅದನ್ನೇ. ಕಲ್ಲು ಸಿಗದ ಕಡೆಯೂ ಅದರ ಮಣ್ಣು ಸಿಗುತ್ತದೆ. ಮಣ್ಣು ವಿಜ್ಞಾನಿಯಾಗಿ ಒಂದು ಮಾತು ಹೇಳುತ್ತೇನೆ. ನಮ್ಮ ಕೆಂಪು ಜಂಬು ಮಣ್ಣಿನ ಜೇಡಿ ಕಯೊಲಿನೈಟ್ ಬಗೆಯದು. ನೀರು ಕುಡಿದು ಹೆಚ್ಚು ಉಬ್ಬುವುದಿಲ್ಲ, ಒಣಗಿ ಹೆಚ್ಚು ಬಿರಿಯುವುದಿಲ್ಲ. ಬಯಲುಸೀಮೆಯ ಎರೆಮಣ್ಣಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಆದ್ದರಿಂದ ನೂರಕ್ಕೆ ಆರೆಂಟು ಪಾಲು ಸಿಮೆಂಟು ಬೆರೆಸಿ, ಒತ್ತಿ, ಮೂರು ವಾರ ನೀರುಣಿಸಿದರೆ ಒಳ್ಳೆಯ ಮಣ್ಣಿನ ಇಟ್ಟಿಗೆಯಾಗುತ್ತದೆ. ಸುಡುವ ಸೌದೆಯೂ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಇದನ್ನು ದೀರ್ಘಕಾಲ ಪರೀಕ್ಷಿಸಿದರು. ಕೈಯಿಂದ ಒತ್ತುವ ‘ಮರ್ದಿನಿ’ ಯಂತ್ರವನ್ನೂ ರೂಪಿಸಿದರು. ಇಂತಹ ಗೋಡೆಗೆ ತೆತ್ತ ಹಣದ ದೊಡ್ಡ ಪಾಲು ಇಟ್ಟಿಗೆ ಒತ್ತಿದ ನಮ್ಮೂರಿನ ಆಳುಗಳ ಕೈಯಲ್ಲೇ ಉಳಿಯುತ್ತದೆ. ಅಡಿಪಾಯ, ಬಚ್ಚಲು, ನೆಲದಿಂದ ಎರಡಡಿ ಎತ್ತರದವರೆಗಿನ ಗೋಡೆ ಇಲ್ಲೆಲ್ಲ ಕಲ್ಲು, ಸಿಮೆಂಟು ಬಳಸಲು ಯಾವ ಮಡಿವಂತಿಕೆಯೂ ಬೇಡ. ಆದರೆ ಮಾಡಿನ ಸೂರು ಮೂರಡಿಯಾದರೂ ಹೊರಚಾಚಿರಲಿ. ಮಲೆನಾಡಿನ ಮಣ್ಣಿನ ಗೋಡೆಯನ್ನು ಕಾಯುವುದು ಸಿಮೆಂಟಲ್ಲ, ಸೂರು.

ಕೊನೆಯದಾಗಿ ಮನೆಯ ಜಾಗದ ಬಗ್ಗೆ. ಹಳೆಯ ಮನೆಗಳು ಇಳಿಜಾರಿನಲ್ಲಿ ಉದ್ದಕ್ಕೆ, ತೆಳ್ಳಗೆ, ಮೆಟ್ಟಿಲು ಮೆಟ್ಟಿಲಾಗಿ ಕೂತಿರುತ್ತಿದ್ದವು. ಜಗಲಿ ಒಂದು ಮಟ್ಟ, ಅಡುಗೆಮನೆ ಇನ್ನೊಂದು ಮಟ್ಟ. ಬಯಲಿನ ನಕ್ಷೆಯ ಚೌಕ ಮನೆ ಕೂರಬೇಕಾದರೆ ಜೇಸಿಬಿ ಬಂದು ಹಿಂದೆ ಹದಿನೈದು ಇಪ್ಪತ್ತು ಅಡಿ ಧರೆ ಕಡಿಯಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಕಾರಣಗಳಲ್ಲಿ ಒಂದಾಗಿ ತೋರಿಸಿದ್ದು, ಮನೆ, ರಸ್ತೆ, ತಂಗುಮನೆಗಳಿಗಾಗಿ ಇಳಿಜಾರನ್ನು ಹೀಗೆ ನೇರವಾಗಿ ಕಡಿದದ್ದನ್ನೇ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಜಾರಿದ್ದನ್ನು ನೀವೆಲ್ಲ ಬಲ್ಲಿರಿ. ಧರೆಯ ಬುಡ ಕಡಿದಾಗ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ, ಮಳೆನೀರು ಇಂಗಿದಷ್ಟೂ ಭಾರ ಹೆಚ್ಚುತ್ತದೆ. ಚದರ ಅಡಿಯ ಯಾವ ಲೆಕ್ಕದಲ್ಲೂ ಇದು ಸೇರುವುದಿಲ್ಲ. ಈಗಾಗಲೇ ಕಡಿದಿದ್ದರೆ, ಧರೆಯ ನೆತ್ತಿಯ ಮೇಲೆ ನೀರು ತಿರುಗಿಸುವ ಅಗಳವನ್ನು ಈ ಮಳೆಗಾಲಕ್ಕೆ ಮುನ್ನವೇ ತೋಡಿಸಿ. ನೆತ್ತಿಯಲ್ಲಿ ಬಿರುಕು ಕಂಡರೆ ಮಳೆಯ ರಾತ್ರಿ ಹಿಂದಿನ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ.

ಹೊರಗಿನ ಚಪ್ಪರದಲ್ಲಿ ಗಾಜಿನ ಸೀಸೆಗಳನ್ನು ಇಟ್ಟಿದ್ದೇವೆ. ಮನೆ ಕಟ್ಟುವ ಯೋಚನೆಯಿರುವವರು ನಿಮ್ಮ ಹಿತ್ತಲಿನ ಮಣ್ಣನ್ನು, ಮೇಲಿನ ಒಂದಡಿ ತೆಗೆದು ಅದರ ಕೆಳಗಿನದನ್ನು, ಎರಡು ಬೊಗಸೆಯಷ್ಟು ತನ್ನಿ. ಸೀಸೆಯ ಮೂರನೆಯ ಒಂದು ಭಾಗಕ್ಕೆ ಮಣ್ಣು, ಉಳಿದದ್ದಕ್ಕೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಬೇಕು. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ಅದರ ಮೇಲೆ ಗೋಡು, ಜೇಡಿ ಕೂರಲು ನಾಳೆಯವರೆಗೆ ಕಾಯಬೇಕು. ಮೂರು ಪದರಗಳನ್ನು ಅಳೆದು ಯಾರ ಮಣ್ಣು ಇಟ್ಟಿಗೆಗೆ ಒದಗುತ್ತದೆ, ಯಾರ ಮಣ್ಣಿಗೆ ಎಷ್ಟು ಮರಳು ಬೆರೆಸಬೇಕು ಎಂಬುದನ್ನು ನಾಳೆ ಬೆಳಗಿನ ತರಗತಿಯಲ್ಲಿ ವಿದ್ಯಾರ್ಥಿಗಳೇ ನಿಮಗೆ ಬರೆದುಕೊಡುತ್ತಾರೆ.